ಏಳನೆಯ ಕಂಬ

8 ನವೆಂಬರ್ 1999, ಸೋಮವಾರ

ಮೂರು ವರ್ಷದಿಂದ ದಿನಚರಿ ಮುಟ್ಟಿರಲಿಲ್ಲ. ಹೆಮ್ಮೆಯ ವಿಷಯವನ್ನು ಬೇರೆಯವರ ಮುಂದೆ ಆಡಿದರೆ ಜಂಬ ಅನ್ನಿಸಿಕೊಳ್ಳುತ್ತದೆ, ಆದ್ದರಿಂದ ಇಲ್ಲಿ ಆಡಿಕೊಳ್ಳುತ್ತೇನೆ. ಅಖಿಲ ಭಾರತ ಸ್ಟ್ರಕ್ಚರಲ್ ಇಂಜಿನಿಯರರ ಪರಿಷತ್ತಿನ ಹೈದರಾಬಾದ್ ಶಾಖೆಗೆ ಮುಂದಿನ ಅಧ್ಯಕ್ಷೆ ನಾನು. ದೆಹಲಿಯ ಕೇಂದ್ರ ಕಚೇರಿಯಿಂದ ಕಾಗದ ಬಂದಿದೆ. ‘ಶ್ರೀ ವಿಶಾಲಾಕ್ಷಿ’ ಎಂದು ಬರೆದಿದ್ದಾರೆ. ಶಾಖೆಯ ಮೂವತ್ತೆರಡು ವರ್ಷದಲ್ಲಿ ಹೆಂಗಸೊಬ್ಬಳು ಆ ಕುರ್ಚಿಯಲ್ಲಿ ಕೂತಿಲ್ಲ, ಟೈಪಿಸ್ಟಿಗೆ ಅಭ್ಯಾಸವಿಲ್ಲ ಪಾಪ.

ಅತ್ತೆಗೆ ಹೇಳಿದೆ.

“ಅಧ್ಯಕ್ಷಿ ಆದ್ರ ಗಾಡಿ ಕೊಡ್ತಾರೇನವಾ?”

“ಇಲ್ಲ.”

“ಪಗಾರ?”

“ಇಲ್ಲ, ನಾವೇ ವರ್ಷಾ ಚಂದಾ ಕೊಡಬೇಕು.”

“ಹಂಗಾರ ನಮ್ಮೂರ ಭಜನಿ ಮಂಡಳೀನ ಛಲೋ. ಪ್ರಸಾದಾದರೂ ಸಿಗತೈತಿ,” ಎಂದು ಅತ್ತೆ ಕೃಷ್ಣಾಬಾಯಿಯವರು ತೀರ್ಪು ಕೊಟ್ಟು ಜೋಳದ ಹಿಟ್ಟು ನಾದಲು ಹೋದರು.

ಸಂಜೆ ದೀಪಾವಳಿಯ ಫರಾಳದ ತಿಂಡಿಗೆ ದಿಲ್‌ಸುಖ್‌ನಗರದಲ್ಲಿ ಮಲ್ಲಣ್ಣನ ಮನೆಗೆ ಹೋದೆವು. ಮಲ್ಲಣ್ಣ ಭಾಲ್ಕಿ ಕಡೆಯ ತೊಗರಿಬೇಳೆ ವ್ಯಾಪಾರಿ. ಕೆಳಗೆ ಬೇಳೆಯ ಗೋದಾಮು, ಒಂದು ಎರಡು ಮೂರನೆಯ ಮಹಡಿಗಳಲ್ಲಿ ಕಂಪ್ಯೂಟರ್ ಕಲಿಸುವ ತರಗತಿಗಳು, ನಾಲ್ಕರಲ್ಲಿ ಅವನ ಸಂಸಾರ. ಆ ಕಟ್ಟಡ ನನ್ನದು, ಅಂದರೆ ಅದರ ಎಲುಬಿನ, ಕಂಬ ತೊಲೆಗಳ, ಲೆಕ್ಕ ನನ್ನದು. ತೊಂಬತ್ತಾರರಲ್ಲಿ ನಾನು ಕಂಪ್ಯೂಟರಿನಲ್ಲಿ ಮಾಡಿದ ಮೊದಲ ಲೆಕ್ಕ. ಪ್ರತಿ ದೀಪಾವಳಿಗೆ ಮಲ್ಲಣ್ಣನದೊಂದು ಚಾಳಿಯಿದೆ. ಮನೆಗೆ ಬಂದ ಬೇಕಾದವರನ್ನೆಲ್ಲ ಬೇಳೆ ಚೀಲ ತೂಗುವ ಕಾಟಾದ ಮೇಲೆ ಹತ್ತಿಸಿ, ತೂಕವನ್ನು ಗೋದಾಮಿನ ಗೋಡೆಗೆ ಸೀಮೆಸುಣ್ಣದಲ್ಲಿ ಬರೆಯುತ್ತಾನೆ.

“ಐವತ್ತೆಂಟು ರೀ ತಂಗಿ. ಹ್ವಾದ ವರ್ಷಾನೂ ಐವತ್ತೆಂಟ. ನಿಮ್ಮ ಮಾತಿನಂಗ ನಿಮ್ಮ ತೂಕಾನೂ ಬದಲಾಗೂದಿಲ್ಲ ನೋಡ್ರಿ.”

ತುಂಬ ಸಂತೋಷವಾಯಿತು. ಇದನ್ನು ಬರೆಯುವಾಗಲೂ ಆಗುತ್ತಿದೆ.

13 ನವೆಂಬರ್, ಶನಿವಾರ

ಶಾಖೆಯ ಕಾರ್ಯದರ್ಶಿ ಹನುಮಂತರಾಯರು ಬಂದಿದ್ದರು. ಡಿಸೆಂಬರ್ ಹದಿನೆಂಟಕ್ಕೆ ‘ತಪ್ಪಿನ ಸಂಜೆ’ ಎಂದು ನೆನಪಿಸಿದರು. ನಾನೇನೂ ಮರೆತಿರಲಿಲ್ಲ.

ಇದು ನಮ್ಮ ಶಾಖೆಯ ಪದ್ಧತಿ, ಬೇರೆ ಊರಿನ ಶಾಖೆಗಳಲ್ಲಿ ಇಲ್ಲ. ಅಧ್ಯಕ್ಷರಾಗುವವರು ಕುರ್ಚಿಯಲ್ಲಿ ಕೂರುವ ಮುಂಚೆ ಸದಸ್ಯರೆದುರು ನಿಂತು ತಮ್ಮ ಕೆಲಸದಲ್ಲಿ ತಾವು ಮಾಡಿದ ಒಂದು ತಪ್ಪನ್ನು ಹೇಳಬೇಕು. ಬಾಗಿಲು ಹಾಕಿರುತ್ತದೆ. ನಡಾವಳಿ ಪುಸ್ತಕದಲ್ಲಿ ಬರೆಯುವುದಿಲ್ಲ. ರಾಮಕೃಷ್ಣ ಸರ್ ಶಾಖೆ ಕಟ್ಟಿದಾಗ ಶುರು ಮಾಡಿದ್ದು. ಆ ಕಾಲದಲ್ಲಿ ಯಾರೋ ಒಬ್ಬ ಇಂಜಿನಿಯರು ತನ್ನ ತಪ್ಪನ್ನು ಹೇಳಿಕೊಳ್ಳಲು ಜಾಗವಿಲ್ಲದೆ ಊರೇ ಬಿಟ್ಟು ಹೋದನಂತೆ. ಹೇಳಲು ಒಂದು ಕೋಣೆ ಇರಲಿ ಎಂದು ಸರ್ ಈ ಸಂಜೆ ಇಟ್ಟರು.

“ಯಾವುದು ಹೇಳ್ತೀರಿ?” ಎಂದರು ಹನುಮಂತರಾಯರು.

“ಮೆಟ್ಟಿಲಿನದು.” ಇಪ್ಪತ್ತು ವರ್ಷದ ಹಿಂದೆ ಒಂದು ಮನೆಯ ಮೆಟ್ಟಿಲ ಮೇಲಿನ ತೊಲೆಯನ್ನು ಅರ್ಧ ಅಡಿ ಕೆಳಗೆ ಇಟ್ಟುಬಿಟ್ಟಿದ್ದೆ. ಗೃಹಪ್ರವೇಶದ ದಿನ ಕಂಟ್ರಾಕ್ಟರನೇ ತಲೆ ಹೊಡೆಸಿಕೊಂಡ.

“ಬೆಸ್ಟ್! ನಕ್ಕು ನಕ್ಕು ಸಾಯ್ತಾರ. ನೋಡ್ರಿ ಮೇಡಂ, ತಪ್ಪು ಸಣ್ಣದಿರಬೇಕು, ಹಳೇದಿರಬೇಕು, ಪಾರ್ಟಿ ತೀರಿಕೊಂಡಿದ್ರಂತೂ ಇನ್ನೂ ಛಲೋ.”

ಚಹಾ ಎರಡು ಸಲ ಕುಡಿದು ಹೋದರು. ಎರಡು ಪುಟ ಬರೆದು ಟೈಪ್ ಮಾಡಿಸಬೇಕು.

19 ನವೆಂಬರ್, ಶುಕ್ರವಾರ

ಮಲ್ಲಣ್ಣ ನಾರಾಯಣಗೂಡದ ನನ್ನ ಆಫೀಸಿಗೆ ಬಂದ. ಆಫೀಸೆಂದರೆ ನಮ್ಮ ಮನೆಯ ಮುಂದಿನ ಕೋಣೆ. ಹೆಂಡತಿ ಪಾರ್ವತಿಬಾಯಿ ಕೊಟ್ಟ ಶೇಂಗಾ ಹೋಳಿಗೆಯ ಡಬ್ಬಿ ಕೈಯಲ್ಲಿತ್ತು, ಅಂದರೆ ಏನೋ ಕೆಲಸವಿದೆ.

“ತಂಗಿ, ಐದನೇ ಮಹಡಿ ಏರಸ್ಬೇಕ್ರಿ. ಕ್ಲಾಸಿನವರು ಕುಂತ್ರ ನಿಂತ್ರ ಬಿಡವಲ್ರು. ಎಂಬತ್ತು ಕಂಪ್ಯೂಟರ್ ಇಡ್ತಾರಂತ, ಕರೆಂಟ್ ಹ್ವಾದಾಗ ಬ್ಯಾಟ್ರಿ ಬ್ಯಾರೆ. ಈ ವೈಟುಕೆ ಅಂತಾರಲ್ಲ, ಅದನ್ನ ಕಲಿಯಾಕ ಹುಡುಗ್ರು ಇರಿವಿ ಬಂದಂಗ ಬರಾಕತ್ಯಾರ. ಯಾರೋ ತಾರೀಖಿನಾಗ ಎರಡು ಅಂಕಿ ಬಿಟ್ಟಾರಂತ್ರಿ, ಅದಕ್ಕ ಜನವರಿ ಒಂದಕ್ಕ ವಿಮಾನ ಬೀಳ್ತಾವಂತ, ಖರೇ ಏನ್ರಿ?”

“ಬೀಳೂದಿಲ್ಲ ಬಿಡು.”

“ಬಿದ್ರ ಅಮೀರ್‌ಪೇಟದಾಗಿನ ಬ್ಯಾರೆ ಕ್ಲಾಸಿನವರ ಮ್ಯಾಲ ಬೀಳ್ಲಿ. ನಮಗೊಂದು ಚೀಟಿ ಬರದುಕೊಡ್ರಿ, ಬಿಲ್ಡಿಂಗು ತಡೀತೈತಿ ಅಂತ. ನೀವು ಬರದ್ರ ನಾ ಓದೂದೂ ಇಲ್ಲ.”

ಹಳೆಯ ಫೈಲು ನೋಡಿ ಹೇಳುತ್ತೇನೆ ಎಂದೆ. ತಡೆಯಬಹುದು. ಕಬ್ಬಿಣ ಕಾಂಕ್ರೀಟಿನಲ್ಲಿ ನನ್ನ ಕೈ ಯಾವಾಗಲೂ ಸ್ವಲ್ಪ ಧಾರಾಳ.

23 ನವೆಂಬರ್, ಮಂಗಳವಾರ

ಕಾರ್ತಿಕ ಹುಣ್ಣಿಮೆ. ಅತ್ತೆ ತುಳಸಿಯ ಮುಂದೆ ದೀಪ ಹಚ್ಚುತ್ತಿದ್ದಾಗ ನಾನು ತೊಂಬತ್ತಾರರ ಫ್ಲಾಪಿ ಹಚ್ಚಿದೆ. ಕಂಪ್ಯೂಟರಿಗೆ ಕಟ್ಟಡವನ್ನು ಸಾಲುಸಾಲಾಗಿ ಹೇಳಿಕೊಡಬೇಕು. ಇಲ್ಲಿ ಕಂಬ, ಇಲ್ಲಿ ತೊಲೆ, ಚಾವಣಿಯ ಭಾರ ಇಷ್ಟು, ಗೋಡೆಯದು ಇಷ್ಟು, ಜನರದು ಇಷ್ಟು. ಅವೆಲ್ಲ ಇವೆ. ಆಮೇಲೆ ಕಂಬ ತೊಲೆಗಳ ಸ್ವಂತ ತೂಕವನ್ನೂ ಸೇರಿಸಿಕೋ ಎಂದು ಒಂದು ಸಾಲು ಬರೆಯಬೇಕು. ಬರೆಯದಿದ್ದರೆ ಕಂಪ್ಯೂಟರು ಅವುಗಳಿಗೆ ತೂಕವೇ ಇಲ್ಲವೆಂದು ನಂಬುತ್ತದೆ, ಪ್ರಶ್ನೆ ಕೇಳುವುದಿಲ್ಲ.

ಆ ಸಾಲು ಕಾಣಲಿಲ್ಲ. ಕಣ್ಣು ಎಳೆಯುತ್ತಿತ್ತು. ನಾಳೆ ನೋಡುತ್ತೇನೆ.

24 ನವೆಂಬರ್, ಬುಧವಾರ

ಇವತ್ತು ಫೈಲಿಗೆ ಕೈಹಾಕಲು ಆಗಲಿಲ್ಲ. ಕಪಾಟು ಒರೆಸಿದೆ. ಅತ್ತೆಯ ಕನ್ನಡಕದ ಕಡ್ಡಿ ಸರಿಮಾಡಿಸಿಕೊಂಡು ಬಂದೆ.

27 ನವೆಂಬರ್, ಶನಿವಾರ

ಇಲ್ಲ. ಆ ಸಾಲು ಇಲ್ಲ. ಫ್ಲಾಪಿಯಲ್ಲಿಲ್ಲ, ಅಚ್ಚಿನ ಹಾಳೆಯಲ್ಲೂ ಇಲ್ಲ. ನಾಲ್ಕು ದಿನ ಅದು ಬಂದು ಕೂರಲಿ ಎಂದು ಕಾದೆನೋ ಏನೋ.

ರಾಮಕೃಷ್ಣ ಸರ್ ನಮಗೆಲ್ಲ ಕಾಲೇಜಿನಲ್ಲಿ ಕಲಿಸಿದ್ದು ಒಂದೇ ನಿಯಮ. ಲೆಕ್ಕವನ್ನು ಯಾರು ಬೇಕಾದರೂ ಮಾಡಲಿ, ಯಂತ್ರವೇ ಮಾಡಲಿ, ಒಂದು ಕಂಬವನ್ನಾದರೂ ನೀನು ಕೈಯಿಂದ ಇಳಿಸು. ಕಂಬ ಇಳಿಸುವುದೆಂದರೆ ಚಾವಣಿಯಿಂದ ಶುರುಮಾಡಿ, ಒಂದೊಂದೇ ಮಹಡಿ ಇಳಿಯುತ್ತ, ಆ ಕಂಬದ ತಲೆಯ ಮೇಲೆ ಬೀಳುವ ಎಲ್ಲ ಭಾರವನ್ನೂ ಕೂಡಿಸುತ್ತ ಅಡಿಪಾಯದ ತನಕ ಹೋಗುವುದು. ಅರ್ಧ ದಿನದ ಕೆಲಸ. ತಪ್ಪಿದ್ದರೆ ಅಲ್ಲಿ ಸಿಕ್ಕಿಬೀಳುತ್ತದೆ. ಇಪ್ಪತ್ತೈದು ವರ್ಷದಲ್ಲಿ ನಾನು ಅದನ್ನು ಬಿಟ್ಟದ್ದು ಒಂದೇ ಸಲ, ಮಲ್ಲಣ್ಣನ ಕಟ್ಟಡಕ್ಕೆ. ಏಕೆ ಬಿಟ್ಟೆ ಎಂಬುದೂ ನೆನಪಿದೆ. ಪರಿಷತ್ತಿನ ರಾಷ್ಟ್ರೀಯ ಸಮ್ಮೇಳನ ಆ ವಾರ ಇಲ್ಲಿ ನಡೆದಿತ್ತು. ಎಂಟುನೂರು ಪ್ರತಿನಿಧಿಗಳ ಊಟದ ಹೊಣೆ ನನ್ನದು. ಬಘಾರೆ ಬೈಂಗನ್ ಎಂಬ ಬದನೆಕಾಯಿ ಪಲ್ಯಕ್ಕೆ ಹುಣಸೆ ಸಾಕೇ ಎಂದು ಮೂರು ಸಲ ರುಚಿ ನೋಡಿದೆ, ಕಂಬ ಒಂದು ಸಲವೂ ನೋಡಲಿಲ್ಲ. ಸಮ್ಮೇಳನದ ವಿಷಯ ‘ಕಟ್ಟಡಗಳ ಸುರಕ್ಷತೆ’.

ನಾಚಿಕೆಯಾಗುತ್ತಿದೆ.

28 ನವೆಂಬರ್, ಭಾನುವಾರ

ಮಧ್ಯಾಹ್ನ ಮೇಜಿನ ಮೇಲೆ ತಲೆಯಿಟ್ಟು ನಿದ್ದೆ ಹೋದೆ. ಕನಸಿನಲ್ಲಿ ಮಲ್ಲಣ್ಣನ ಕಟ್ಟಡ ದಿಲ್‌ಸುಖ್‌ನಗರದ ಬಸ್ ನಿಲ್ದಾಣದ ಮೇಲೆ ಒಂದಾಳೆತ್ತರದಲ್ಲಿ ತೇಲುತ್ತಿತ್ತು. ಕಿಟಕಿಗಳಲ್ಲಿ ಹುಡುಗ ಹುಡುಗಿಯರು ಪುಸ್ತಕ ಹಿಡಿದು ಏನೋ ಬಾಯಿಪಾಠ ಮಾಡುತ್ತಿದ್ದರು. ಯಾರಿಗೂ ಭಯವಿಲ್ಲ. ಕೆಳಗೆ ಕಂಬಗಳು ನೆಲ ಮುಟ್ಟದೆ, ಹಸುವಿನ ಕಾಲುಗಳ ಹಾಗೆ ಮೆಲ್ಲಗೆ ಅಲ್ಲಾಡುತ್ತಿದ್ದವು. ಪಾರ್ವತಿಬಾಯಿ ಮೇಲಿನಿಂದ ನೋಡಿ, “ಬರ್ರಿ, ಉಣ್ಣಾಕ ಬರ್ರಿ,” ಎಂದು ಕರೆದಳು. ನಾನೂ ಹಗುರಾಗಿ ಏರುತ್ತ ಹೋದೆ. ಎಷ್ಟು ಹಿತವಾಗಿತ್ತೆಂದರೆ ಎಚ್ಚರಾದಾಗ ಅಳು ಬಂತು.

ವಿಶಾಖಪಟ್ಟಣದಿಂದ ನಮ್ಮ ಯಜಮಾನರ ಫೋನ್ ಬಂದಿತ್ತು. ಲ್ಯಾಬಿನ ಕೆಲಸ ಇನ್ನೂ ಮೂರು ತಿಂಗಳು ಎಂದರು. ಎಲ್ಲ ಸೌಖ್ಯ ಎಂದೆ.

2 ಡಿಸೆಂಬರ್, ಗುರುವಾರ

ಬರ್ಕತ್‌ಪುರದಲ್ಲಿ ರಾಮಕೃಷ್ಣ ಸರ್ ಮನೆಗೆ ಹೋದೆ. ಎಂಬತ್ತೊಂದು ವರ್ಷ. ಕಣ್ಣಿನ ಪೊರೆ ತೆಗೆಸಿಕೊಂಡು ಕಪ್ಪು ಕನ್ನಡಕ ಹಾಕಿ ಅಂಗಳದ ಬಿಸಿಲಿನಲ್ಲಿ ಕೂತಿದ್ದರು. ಮೈಸೂರು ಬಿಟ್ಟು ಐವತ್ತು ವರ್ಷವಾದರೂ ಮಾತು ಅಲ್ಲಿಯದೇ.

“ಯಾರು, ವಿಶಾಲಾಕ್ಷಿನಾ? ಹೆಜ್ಜೆ ಸದ್ದೇ ಇಲ್ವಲ್ಲಮ್ಮ. ಏನು, ತೇಲ್ಕೊಂಡು ಬಂದ್ಯಾ?”

ಅಧ್ಯಕ್ಷೆಯಾದದ್ದಕ್ಕೆ ಆಶೀರ್ವಾದ ಮಾಡಿದರು. ಹೈಟೆಕ್ ಸಿಟಿಯ ಗಾಜಿನ ಕಟ್ಟಡಗಳ ಬಗ್ಗೆ ಕೇಳಿದರು. ಅವು ಚೆನ್ನಾಗಿವೆ, ಕಂಬ ಎಲ್ಲಿದೆ ಎಂದೇ ತಿಳಿಯುವುದಿಲ್ಲ ಎಂದೆ.

“ಯಾರಿಗಮ್ಮ ಬೇಕು ಕಂಬ? ಹಿರಣ್ಯಕಶಿಪು ಒಬ್ಬನೇ ನೋಡು, ಕಂಬದಲ್ಲಿ ಏನಿದೆ ಅಂತ ಕೇಳಿದ ಕ್ಲೈಂಟು. ಅವನ ಗತಿ ಏನಾಯ್ತು ಅಂತ ಎಲ್ಲರಿಗೂ ಗೊತ್ತಲ್ಲ, ಆಮೇಲೆ ಯಾರೂ ಕೇಳ್ಲಿಲ್ಲ.” ನಕ್ಕರು. ಆಮೇಲೆ, “ನೀನಂತೂ ಎಲ್ಲದಕ್ಕೂ ಕಂಬ ಇಳಿಸ್ತೀಯಲ್ಲ?” ಎಂದರು.

“ಇಳಿಸ್ತೀನಿ ಸರ್,” ಎಂದೆ.

ದಾರಿಯಲ್ಲಿ ಆಟೋ ಹಿಡಿಯಲು ಮರೆತು ಮನೆಯ ತನಕ ನಡೆದುಕೊಂಡೇ ಬಂದೆ.

3 ಡಿಸೆಂಬರ್, ಶುಕ್ರವಾರ

ಮೆಟ್ಟಿಲಿನ ಭಾಷಣ ಟೈಪಾಗಿ ಬಂತು. ಎರಡು ಪುಟ. ಚೆನ್ನಾಗಿದೆ.

7 ಡಿಸೆಂಬರ್, ಮಂಗಳವಾರ

ಹೊಸ ರವಿಕೆ ಸಡಿಲವಾಗಿದೆ. ದರ್ಜಿಗೆ ಅಳತೆ ಕೊಟ್ಟರೂ ಬುದ್ಧಿಯಿಲ್ಲ. ಬಳೆ ಎರಡು ಸಲ ತೊಳೆಯುವ ಪಾತ್ರೆಗೆ ಜಾರಿಬಿತ್ತು.

ಅತ್ತೆ ಇವತ್ತೂ ಜಗಳ ತೆಗೆದರು. “ರೊಟ್ಟಿ ಹಂಗ ಇಟ್ಟೀಯಲ್ಲ? ಹೂವಿನ ಗಿಡಕ್ಕೂ ನಿನಗಿಂತ ಹೆಚ್ಚು ಹಾಕ್ತೀನಿ ನಾ.” ಹಸಿವಿಲ್ಲ ಎಂದರೆ ಅವರಿಗೆ ತಿಳಿಯುವುದಿಲ್ಲ. ಅಧ್ಯಕ್ಷೆಯ ಕೆಲಸದ ಒತ್ತಡ ಎಂದೆ.

ಬೆಳಗಿನ ಮಂಜು ಈ ವರ್ಷ ಬಲು ದಟ್ಟ. ಟೆರೇಸಿನ ಮೇಲೆ ನಿಂತರೆ ಹಿಮಾಯತ್‌ನಗರದ ಕಡೆಯ ಮನೆಗಳಿಗೆಲ್ಲ ಕೆಳಗಿನ ಮಹಡಿಯೇ ಇರುವುದಿಲ್ಲ. ಮೇಲ್ಭಾಗ ಮಾತ್ರ ಬಿಳಿಯಲ್ಲಿ ಕೂತಿರುತ್ತದೆ. ಒಂಬತ್ತಕ್ಕೆ ಬಿಸಿಲು ಬಂದು ಒಂದೊಂದಾಗಿ ಅವುಗಳ ಕಾಲು ತೋರಿಸುತ್ತದೆ. ಅಲ್ಲಿಯವರೆಗೂ ನಿಂತು ನೋಡುತ್ತೇನೆ, ಯಾವುದಾದರೂ ಒಂದಕ್ಕೆ ಕಾಲಿಲ್ಲದೆ ಹೋದೀತು ಎಂದು.

11 ಡಿಸೆಂಬರ್, ಶನಿವಾರ

ಮಲ್ಲಣ್ಣ ಮತ್ತೆ ಫೋನ್ ಮಾಡಿದ. ಚೀಟಿ ಏನಾಯಿತು ಎಂದ. ಮಣ್ಣು ಪರೀಕ್ಷೆ ಆಗಬೇಕು ಎಂದು ಸುಳ್ಳು ಹೇಳಿದೆ. “ಅವಸರ ಇಲ್ಲ ಬಿಡ್ರಿ ತಂಗಿ. ಕ್ಲಾಸಿನವರಿಗೆ ಬ್ಯಾರೆ ಯಾರೋ ಇಂಜಿನಿಯರ್ ಸಹಿ ಮಾಡ್ತೀನಿ ಅಂದಾನಂತ. ನಾನ ಬ್ಯಾಡ ಅಂದೀನಿ. ನಮ್ಮ ತಂಗಿ ಬಿಟ್ಟು ಯಾರ ಸಹೀನೂ ಬ್ಯಾಡ ಅಂದೀನಿ.”

ದಾರಿಗಳು ಎಷ್ಟಿವೆ ಎಂದು ಯೋಚಿಸಿದೆ. ಐದನೆಯ ಮಹಡಿ ಬೇಡ ಎಂದಷ್ಟೇ ಹೇಳಿ ಸುಮ್ಮನಾಗಬಹುದು. ಆಗ ಆ ಬೇರೆ ಯಾರೋ ಬಂದು ಸಹಿ ಮಾಡುತ್ತಾನೆ. ಇಲ್ಲವೆ, ಗೋದಾಮಿನ ಕಂಬಗಳಿಗೆ ಅಂದಕ್ಕೆಂದು ಗ್ರಾನೈಟ್ ಹೊದಿಸೋಣ ಎಂದು ಹೇಳಿ, ಒಳಗೊಳಗೇ ಕಬ್ಬಿಣ ಕಟ್ಟಿ ದಪ್ಪ ಮಾಡಿಸಬಹುದು. ಮಲ್ಲಣ್ಣ ಏನೂ ಕೇಳುವುದಿಲ್ಲ. ತಂಗಿ ಹೇಳಿದ್ದು ಎಂದು ಮಾಡಿಸುತ್ತಾನೆ. ನಾನು ಅಧ್ಯಕ್ಷೆಯಾಗುತ್ತೇನೆ, ಫೆಬ್ರವರಿಯಲ್ಲಿ ದೆಹಲಿಗೆ ಹೋಗಿ ಹಿತ್ತಾಳೆಯ ಬಿಲ್ಲೆ ಹಾಕಿಸಿಕೊಳ್ಳುತ್ತೇನೆ, ಎಲ್ಲ ಸುಸೂತ್ರ. ಹೀಗೆ ಯೋಚಿಸುತ್ತಿರುವಾಗ ಇದನ್ನು ಯೋಚಿಸುತ್ತಿರುವವಳು ಬೇರೆ ಯಾರೋ, ನಾನು ಚಾವಣಿಯ ಹತ್ತಿರದಿಂದ ಅವಳನ್ನು ನೋಡುತ್ತಿದ್ದೇನೆ ಅನ್ನಿಸಿತು.

ರಂಜಾನ್ ಶುರುವಾಗಿದೆ. ಸಂಜೆ ಉಪವಾಸ ಬಿಡುವ ಸೈರನ್ ಕೇಳಿಸಿದಾಗ ಇಡೀ ಊರು ಒಂದು ಗುಟುಕು ನೀರು ಕುಡಿಯುತ್ತದೆ. ನಾನೂ ಕುಡಿದೆ. ಬೆಳಗಿನಿಂದ ಏನೂ ತಿಂದಿಲ್ಲವೆಂದು ಆಗ ನೆನಪಾಯಿತು.

15 ಡಿಸೆಂಬರ್, ಬುಧವಾರ

ಕೊನೆಗೂ ಕಂಬ ಇಳಿಸಿದೆ. ನಕ್ಷೆಯಲ್ಲಿ ಏಳನೆಯ ಸಂಖ್ಯೆಯದು, ಕಟ್ಟಡದ ನಡುಮಧ್ಯದ್ದು, ಎಲ್ಲಕ್ಕಿಂತ ಹೆಚ್ಚು ಹೊರುವುದು. ಪೆನ್ಸಿಲು, ಕಾಗದ, ಅರ್ಧ ದಿನ. ಕಂಪ್ಯೂಟರ್ ಹೇಳಿದ್ದು ಎಪ್ಪತ್ತನಾಲ್ಕು ಟನ್. ಕೈ ಹೇಳಿದ್ದು ಎಂಬತ್ತಾರು. ನಿಯಮದ ಪ್ರಕಾರ ಅದು ಹೊರಬಹುದಾದದ್ದು ಎಂಬತ್ತು. ಹನ್ನೆರಡು ಟನ್ನು ಮೂರು ವರ್ಷದಿಂದ ನನಗೆ ಗೊತ್ತಿಲ್ಲದೆ ಅಲ್ಲಿ ನಿಂತಿದೆ. ನಮ್ಮ ಹಿರಿಯರು, ಮುಂದೆ ಬರುವ ದಡ್ಡರಿಗಿರಲಿ ಎಂದು ನಿಯಮದಲ್ಲಿ ಒಂದಿಷ್ಟು ಹೆಚ್ಚುವರಿ ಬಲ ಇಟ್ಟಿರುತ್ತಾರೆ. ಕಟ್ಟಡ ಅದರ ಮೇಲೆ ನಿಂತಿದೆ. ಇನ್ನೊಂದು ಮಹಡಿ ಏರಿಸಿದರೆ ನೂರು ದಾಟುತ್ತದೆ.

ಸಂಜೆ ಯಾರಿಗೂ ಹೇಳದೆ ದಿಲ್‌ಸುಖ್‌ನಗರಕ್ಕೆ ಹೋಗಿ ಎದುರಿನ ಹಣ್ಣಿನ ಅಂಗಡಿಯ ಮುಂದೆ ನಿಂತೆ. ತರಗತಿ ಬಿಟ್ಟಿತ್ತು. ಹುಡುಗಿಯೊಬ್ಬಳು ಮೆಟ್ಟಿಲನ್ನು ಎರಡೆರಡಾಗಿ ಹಾರುತ್ತ ಇಳಿದಳು. ಎಣಿಸತೊಡಗಿದೆ, ಇನ್ನೂರರ ಮೇಲೆ ಎಣಿಕೆ ತಪ್ಪಿತು. ಗೋದಾಮಿನೊಳಗೆ ಪಾರ್ವತಿಬಾಯಿ ಏಳನೆಯ ಕಂಬಕ್ಕೆ ಒರಗಿ ಕೂತು ಮೊರದಲ್ಲಿ ಬೇಳೆ ಕೇರುತ್ತಿದ್ದಳು. ಅಲ್ಲಿಂದ ಓಡಿ ಬಂದೆ.

17 ಡಿಸೆಂಬರ್, ಶುಕ್ರವಾರ

ನಾಳೆ. ಟೈಪ್ ಮಾಡಿಸಿದ ಎರಡು ಪುಟ ಚೀಲದಲ್ಲಿದೆ.

18 ಡಿಸೆಂಬರ್, ಶನಿವಾರ

ಮರೆಯುವ ಮುಂಚೆ ಎಲ್ಲ ಬರೆದಿಡುತ್ತೇನೆ. ನಾಲ್ಕು ಗಂಟೆಗೆ ಶಾಖೆಯ ಕೋಣೆ ತುಂಬಿತ್ತು, ನಲವತ್ತು ಜನ. ಚಹಾ, ಉಸ್ಮಾನಿಯಾ ಬಿಸ್ಕತ್ತು. ರಾಮಕೃಷ್ಣ ಸರ್ ಅವರನ್ನು ಯಾರೋ ಕೈಹಿಡಿದು ಕರೆತಂದು ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ಹನುಮಂತರಾಯರು ಬಾಗಿಲು ಹಾಕಿ ನನ್ನ ಕಡೆ ನೋಡಿ ಆಗಲೇ ನಗಲು ಶುರುಮಾಡಿದರು.

ಎದ್ದು ನಿಂತೆ. ಪುಟ ತೆಗೆದೆ. ಮೊದಲ ವಾಕ್ಯ ಓದಿದೆ: ‘ಇಪ್ಪತ್ತು ವರ್ಷಗಳ ಹಿಂದೆ ನಾನೊಂದು ಮೆಟ್ಟಿಲು ಮಾಡಿದೆ.’ ಯಾರೋ ನಕ್ಕರು. ಎರಡನೆಯ ವಾಕ್ಯ ಕಾಗದದಲ್ಲಿತ್ತು, ಬಾಯಿಗೆ ಬರಲಿಲ್ಲ. ಆ ಹುಡುಗಿ ಮೆಟ್ಟಿಲು ಹಾರುತ್ತಿದ್ದದ್ದೇ ಕಾಣುತ್ತಿತ್ತು. ಪುಟ ಮಡಚಿಟ್ಟು, ಮೂರು ವರ್ಷದ ಹಿಂದೆ ದಿಲ್‌ಸುಖ್‌ನಗರದಲ್ಲಿ ಐದು ಚಾವಣಿಯ ಒಂದು ಕಟ್ಟಡಕ್ಕೆ ನಾನು ಸ್ವಂತ ತೂಕದ ಸಾಲು ಬರೆಯಲಿಲ್ಲ, ಕಂಬ ಇಳಿಸಲಿಲ್ಲ, ಎಂದೆ. ಎಪ್ಪತ್ತನಾಲ್ಕು, ಎಂಬತ್ತಾರು, ಎಂಬತ್ತು, ಮೂರೂ ಅಂಕಿ ಹೇಳಿದೆ. ಅಲ್ಲಿ ದಿನಕ್ಕೆ ನಾನೂರು ಮಕ್ಕಳು ಓದುತ್ತಾರೆ ಎಂದೆ. ಇನ್ನೊಬ್ಬರನ್ನು ಅಧ್ಯಕ್ಷರನ್ನಾಗಿ ಆರಿಸಿ ಎಂದೆ.

ಹೇಳಿ ಕೂತುಕೊಂಡೆ. ಹಗುರಾಯಿತು ಅನ್ನಿಸಿತು. ಹೇಳಿಬಿಟ್ಟೆ, ಮುಗಿಯಿತು ಎಂದುಕೊಂಡೆ. ಒಂದಿಬ್ಬರ ಕಣ್ಣಲ್ಲಿ ಮೆಚ್ಚುಗೆ ಸಹ ಕಂಡಿತು, ಅದೂ ಹಿತವಾಯಿತು, ಸುಳ್ಳೇಕೆ ಹೇಳಲಿ.

ಸರ್ ಕಪ್ಪು ಕನ್ನಡಕವನ್ನು ನನ್ನ ದನಿ ಬಂದ ಕಡೆ ತಿರುಗಿಸಿದರು.

“ಆ ಕಟ್ಟಡದವರಿಗೆ ಹೇಳಿದ್ಯೇನಮ್ಮ?”

“ಇಲ್ಲ ಸರ್.”

“ಯಾವತ್ತು ಗೊತ್ತಾಯ್ತು?”

“ಮೂರು ವಾರದ ಹಿಂದೆ.”

“ಹಾಗಾದ್ರೆ ಅವರಿಗಿಂತ ಮೊದಲು ನಮಗ್ಯಾಕೆ ಹೇಳ್ತಿದ್ದೀಯ? ನಾವೇನು ಆ ಚಾವಣಿ ಕೆಳಗೆ ಮಲಗ್ತೀವಾ?”

ಸರ್ ಸಿಟ್ಟಿನಲ್ಲಿರಲಿಲ್ಲ. ನೆಲದ ಮೇಲೆ ಕಾಲಾಡಿಸುತ್ತ ಏನನ್ನೋ ಹುಡುಕುತ್ತಿದ್ದರು.

“ತಪ್ಪು ನಂದೂ ಇದೆ. ಈ ಕೋಣೆ ಮಾಡಿಕೊಟ್ಟು ಮೂವತ್ತೆರಡು ವರ್ಷ ಎಲ್ಲರೂ ಇಲ್ಲಿ ಬಂದು ಹಗುರಾಗಿ ಹೋದ್ರಿ. ಬಾಗಿಲು ತೆಗೀರಿ ಹನುಮಂತರಾಯರೇ. ಪುಸ್ತಕ ತಗೊಂಡು ಇವಳು ಹೇಳಿದ್ದನ್ನ ಬರ್ಕೊಳ್ಳಿ. ನನ್ನ ಚಪ್ಪಲಿ ಎಲ್ಲಿ?”

ನಾವಿಬ್ಬರೂ ಆಟೋದಲ್ಲಿ ಹೋದೆವು. ಕಾಚಿಗೂಡದ ಹತ್ತಿರ ಹಲೀಮ್ ಬೇಯಿಸುವ ಭಟ್ಟಿಗಳ ಹೊಗೆ ಮಂಜಿನೊಂದಿಗೆ ಸೇರಿ ದೀಪಗಳೆಲ್ಲ ನೀರಿನೊಳಗೆ ಉರಿಯುವಂತೆ ಕಾಣುತ್ತಿದ್ದವು. ಸೈರನ್ ಕೂಗಿತು. ಡ್ರೈವರ್ ಬದಿಗೆ ನಿಲ್ಲಿಸಿ ಖರ್ಜೂರ ಬಾಯಿಗೆ ಹಾಕಿಕೊಂಡು ನಮಗೂ ಒಂದೊಂದು ಕೊಟ್ಟ. ಸರ್ ಚೀಪುತ್ತ ಕೂತರು. ದಾರಿ ಮುಗಿಯದಿರಲಿ ಎಂದು ಬಯಸಿದೆ. ದಾರಿ ಮುಗಿಯಿತು.

ಮಲ್ಲಣ್ಣ ಗೋದಾಮಿನಲ್ಲಿದ್ದ. “ಏನ್ರಿ ತಂಗಿ, ಗುರುಗಳನ್ನ ಕರಕೊಂಡ ಬಂದೀರಿ!” ಎಂದು ಕುರ್ಚಿ ಒರೆಸಿದ. ಪಾರ್ವತಿಬಾಯಿ ಕಂಬದ ಬುಡದಲ್ಲಿ ಕೂತಿದ್ದಳು. ನಾನು ನಿಂತೇ ಹೇಳಿದೆ. ಹಾಳೆ ತೋರಿಸಿ, ಯಾವ ಸಾಲು ಬಿಟ್ಟೆ, ಏಕೆ ಬಿಟ್ಟೆ, ಬದನೆಕಾಯಿಯ ಸಮೇತ ಹೇಳಿದೆ. ಅವನ ಮುಖದಲ್ಲಿ ನಗು ಆರಲು ತುಸು ಹೊತ್ತು ಹಿಡಿಯಿತು.

“ಬೀಳ್ತೈತೇನ್ರಿ?”

“ಇವತ್ತು ಬೀಳೂದಿಲ್ಲ. ಆದ್ರ ಇರಬೇಕಾದಷ್ಟು ಗಟ್ಟಿ ಇಲ್ಲ.”

“ಐದನೇದು ಏರಿಸಿದ್ರ?”

“ಆಗ ಹೇಳಾಕ ಬರೂದಿಲ್ಲ, ಮಲ್ಲಣ್ಣ.”

ಪಾರ್ವತಿಬಾಯಿ ಮೊರ ಕೆಳಗಿಟ್ಟು ಮೆಲ್ಲಗೆ ಬೆನ್ನನ್ನು ಕಂಬದಿಂದ ಎತ್ತಿಕೊಂಡಳು. “ಮೂರು ವರ್ಷದಿಂದ ಇದಕ್ಕ ಒರಗಿ ಕುಂತೀನಲ್ರಿ ಅಕ್ಕಾ,” ಎಂದಳು, ಅಷ್ಟೇ. ಅದಕ್ಕಿಂತ ಅವಳು ಬೈದಿದ್ದರೆ ಚೆನ್ನಾಗಿತ್ತು.

ಮಲ್ಲಣ್ಣ ಮೇಲೆ ಹೋಗಿ ಸಂಜೆಯ ತರಗತಿಯನ್ನು ಬಿಡಿಸಿಕೊಂಡು ಬಂದ. ಮಕ್ಕಳು ರಜೆ ಸಿಕ್ಕಿತೆಂದು ಕೇಕೆ ಹಾಕುತ್ತ ನಮ್ಮನ್ನು ದಾಟಿ ಹೋದರು. ಕೊನೆಯವನು ಹೋದ ಮೇಲೆ ಮಲ್ಲಣ್ಣ ನನ್ನ ಕಡೆ ನೋಡದೆ ಕೇಳಿದ: “ಮುಂದೇನ್ ಮಾಡ್ಬೇಕು, ಹೇಳ್ರಿ ಇಂಜಿನಿಯರ್ರ.”

ತಂಗಿ ಎನ್ನಲಿಲ್ಲ.

19 ಡಿಸೆಂಬರ್, ಭಾನುವಾರ

ಬೆಳಿಗ್ಗೆ ಏಳಕ್ಕೆ ಶಾಖೆಯಿಂದ ಹನ್ನೊಂದು ಜನ ಬಂದರು. ಯಾರನ್ನೂ ಕರೆದಿರಲಿಲ್ಲ. ತೊಲೆಗಳ ಕೆಳಗೆ ಕಬ್ಬಿಣದ ಊರುಗೋಲು ಕೊಟ್ಟೆವು. ಆರು ಕಂಬಗಳ ಸುತ್ತ ಹೊಸ ಕಬ್ಬಿಣ ಕಟ್ಟಿ ಕಾಂಕ್ರೀಟಿನ ಅಂಗಿ ತೊಡಿಸಬೇಕು, ಏಳು ವಾರ. ಅಲ್ಲಿಯ ತನಕ ತರಗತಿಗಳಿಲ್ಲ. ಕ್ಲಾಸಿನವರು ಮಲಕ್‌ಪೇಟೆಯಲ್ಲಿ ಬೇರೆ ಜಾಗ ನೋಡುತ್ತಿದ್ದಾರೆ, ತಿರುಗಿ ಬರುತ್ತಾರೋ ಇಲ್ಲವೋ. ಮಲ್ಲಣ್ಣ ನನ್ನ ಜೊತೆ ಕೆಲಸದ ಮಾತು ಬಿಟ್ಟು ಬೇರೆ ಆಡಲಿಲ್ಲ. ಕಾಲುಗಳು ನೋಯುತ್ತಿವೆ.

21 ಡಿಸೆಂಬರ್, ಮಂಗಳವಾರ

ಹನುಮಂತರಾಯರ ಫೋನು. ನಡಾವಳಿ ಪುಸ್ತಕದ ಮಾತು ಆಡಿದರು, ಅಧ್ಯಕ್ಷ ಸ್ಥಾನ ಬೇಡವೆಂದು ದೆಹಲಿಗೆ ನಾನು ಬರೆದ ಕಾಗದ ಹೋಯಿತು ಎಂದರು, ಹವೆಯ ಬಗ್ಗೆ ಮಾತಾಡಿದರು. ಇಡುವ ಮುಂಚೆ, “ಮೇಡಂ, ನಂದೂ ಒಂದೈತ್ರಿ. ಹೇಳಿರಲಿಲ್ಲ,” ಎಂದರು.

“ಯಾರ ಬಿಲ್ಡಿಂಗು?”

“ನಮ್ಮ ಮನೀನ.”

ಗುರುವಾರ ಇಬ್ಬರೂ ಹೋಗಿ ನೋಡುವುದೆಂದಾಯಿತು.

26 ಡಿಸೆಂಬರ್, ಭಾನುವಾರ

ಬೆಳಿಗ್ಗೆ ಎರಡು ರೊಟ್ಟಿ ತಿಂದೆ. ಮೂರನೆಯದು ತಟ್ಟೆಯಲ್ಲಿ ಹೇಗೆ ಬಂತೋ, ಅದನ್ನೂ ತಿಂದೆ. ಅತ್ತೆ ಎಣ್ಣೆ, ಶೇಂಗಾ ಚಟ್ನಿ ಮುಂದೆ ಸರಿಸಿದರು.

ಹನ್ನೊಂದಕ್ಕೆ ದಿಲ್‌ಸುಖ್‌ನಗರ. ಮಲ್ಲಣ್ಣ ನನಗಾಗಿ ಕಾಯುತ್ತಿದ್ದ. ಮುಂಚೆ ನಾನು ಬರೆದದ್ದನ್ನು ಅವನು ಓದುತ್ತಲೇ ಇರಲಿಲ್ಲ. ಈಗ ಎಲ್ಲ ಹಾಳೆಯನ್ನೂ ಬೆರಳಿಟ್ಟು ಓದಿಸುತ್ತಾನೆ.

“ಈ ಕಾಂಕ್ರೀಟಿನ ತೂಕ ನೀವು ಬರದೀರಿ. ಖರೇ ಅನ್ನೂದಕ್ಕ ಏನು ಆಧಾರ?”

“ಪುಸ್ತಕದಾಗ ಐತಿ.”

“ನಂದೂ ತೂಗೂ ಧಂದೆ. ಪುಸ್ತಕ ಬ್ಯಾಡ, ಕಾಟಾ ಐತಿ.”

ಪರೀಕ್ಷೆಗೆಂದು ಅಚ್ಚು ಹೊಯ್ದ ಕಾಂಕ್ರೀಟಿನ ತುಂಡು ತಂದು ತೂಗಿದ. ಎಂಟು ಕೇಜಿ ಮುನ್ನೂರು ಗ್ರಾಂ. ಪುಸ್ತಕಕ್ಕೆ ಸರಿಯಾಗಿತ್ತು, ನನಗೆ ಪರೀಕ್ಷೆ ಪಾಸಾದಷ್ಟು ಸಮಾಧಾನ. ಆದರೂ ಬಿಡಲಿಲ್ಲ. ಒಂದು ಇಟ್ಟಿಗೆ ತೂಗಿದ. ತರಗತಿಯವರು ಬಿಟ್ಟುಹೋದ ಒಂದು ಬೆಂಚು, ಒಂದು ಹಳೆಯ ಕಂಪ್ಯೂಟರು, ಒಂದು ಬ್ಯಾಟರಿ, ದೇವರ ಮನೆಯ ಕಲ್ಲು, ಎಲ್ಲವೂ ಕಾಟಾದ ಮೇಲೆ ಬಂದವು. ಅವನು ಕೂಗುತ್ತಿದ್ದ, ನಾನು ಏಳನೆಯ ಕಂಬದ ಹಾಳೆಯಲ್ಲಿ ಬರೆದುಕೊಳ್ಳುತ್ತಿದ್ದೆ. ಬಿಸಿಲು ಗೋದಾಮಿನ ಬಾಗಿಲಿನಿಂದ ಒಳಗೆ ಬಂದು ಬೇಳೆಯ ಧೂಳಿನಲ್ಲಿ ನಿಂತಿತ್ತು. ಇಡೀ ಕಟ್ಟಡವೇ ತುಂಡು ತುಂಡಾಗಿ ನಮ್ಮ ಮುಂದೆ ಇಳಿದು ಬರುತ್ತಿದೆ ಅನ್ನಿಸಿತು. ಎಷ್ಟೋ ದಿನದ ಮೇಲೆ ನಿದ್ದೆ ಬರುವ ಹಾಗಾಯಿತು, ಒಳ್ಳೆಯ ನಿದ್ದೆ.

ಕೊನೆಗೆ ಪಾರ್ವತಿಬಾಯಿಯನ್ನು ಹತ್ತಿಸಿದ. ಅರವತ್ತಾರು. ತಾನು ಹತ್ತಿದ. ಎಪ್ಪತ್ತೊಂದು. ಜನರ ಭಾರಕ್ಕೆ ನಿಯಮದಲ್ಲಿ ಬೇರೆ ಅಂಕಿ ಇದೆ, ಹೀಗೆ ಒಬ್ಬೊಬ್ಬರನ್ನೇ ತೂಗುವ ಅಗತ್ಯವಿಲ್ಲ ಎಂದು ಹೇಳಬೇಕೆಂದಿದ್ದೆ, ಹೇಳಲಿಲ್ಲ.

“ಹತ್ರಿ,” ಎಂದ.

“ನಾನ್ಯಾಕ?”

“ಏಳು ವಾರ ದಿನಾ ಬಂದು ಇದರ ಕೆಳಗ ನಿಂದ್ರಾಕಿ ಅಲ್ಲೇನ್ರಿ ನೀವು? ಹತ್ರಿ.”

ಚಪ್ಪಲಿ ಬಿಟ್ಟು ಹತ್ತಿದೆ. ಮಲ್ಲಣ್ಣ ಬಗ್ಗಿ ನೋಡಿದ. ಗೋಡೆಯ ಮೇಲೆ ದೀಪಾವಳಿಯ ಸೀಮೆಸುಣ್ಣದ ಅಂಕಿ ಇನ್ನೂ ಇತ್ತು. ಅದನ್ನೂ ನೋಡಿದ, ಮತ್ತೆ ಕಾಟಾ ನೋಡಿದ. ನಾನು ಮರೆತೇಹೋಗಿದ್ದ ಹಳೆಯ ದನಿಯಲ್ಲಿ ಕೇಳಿದ:

“ಏಳು ಕೇಜಿ ಎಲ್ಲಿ ಹ್ವಾದ್ವು, ತಂಗಿ?”

ಪಾರ್ವತಿಬಾಯಿ ತಟ್ಟೆ ಹಾಕಲು ಎದ್ದು ಮೇಲೆ ಹೋದಳು.

“ಐವತ್ತೊಂದು. ಬರ್ಕೋರಿ,” ಎಂದ.

ಬರೆದುಕೊಂಡೆ.